ಮಸ್ಕಿಯ ಬಂಡೆ, ಮುದಗಲ್ಲಿನ ಆಣೆ

(ರೇಡಿಯೋ ಭಾಷಣ)

ಪ್ರತಿ ವರ್ಷವೂ ಜನವರಿ ಎರಡನೆಯ ತಾರೀಖಿನ ವೃತ್ತಪತ್ರಿಕೆಯ ಒಳಪುಟದ ಯಾವುದೋ ಒಂದು ಮೂಲೆಯಲ್ಲಿ ನಾಲ್ಕೈದು ಸಾಲಿನ ಸುದ್ದಿಯೊಂದು ಇರುತ್ತದೆ. ಭಾರತ, ಪಾಕಿಸ್ತಾನಗಳೆರಡೂ ಹಿಂದಿನ ದಿನ ತಮ್ಮ ತಮ್ಮ ಪರಮಾಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡವು ಎಂಬುದೇ ಆ ಸುದ್ದಿ. 1988ನೆಯ ಇಸವಿಯ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಸಹಿಯಾದ ಒಂದು ಒಪ್ಪಂದ ಇದಕ್ಕೆ ಆಧಾರ. ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡತಕ್ಕದ್ದಲ್ಲ, ಅವು ಎಲ್ಲೆಲ್ಲಿವೆ ಎಂಬುದನ್ನು ವರ್ಷಕ್ಕೊಮ್ಮೆ ತಿಳಿಸತಕ್ಕದ್ದು, ಇಷ್ಟೇ ಅದರ ತಿರುಳು. 1991ರಲ್ಲಿ ಅದು ಜಾರಿಗೆ ಬಂತು. 1992ರ ಜನವರಿ ಒಂದರಂದು ಮೊದಲ ಪಟ್ಟಿಗಳು ಕೈ ಬದಲಾಯಿಸಿದವು.

ಬಹಳ ಕಾಲ ನಾನು ಈ ಸುದ್ದಿಯನ್ನು ಓದಿದಾಗಲೆಲ್ಲ ಒಳಗೊಳಗೇ ನಗುತ್ತಿದ್ದೆ. ವರ್ಷವಿಡೀ ಹಲ್ಲು ಮಸೆಯುವವರು ಹೊಸವರ್ಷದ ದಿನ ಕಾಗದ ಕೊಟ್ಟು ಕಾಗದ ಪಡೆಯುವುದು ಸರ್ಕಾರಗಳ ಒಂದು ಬಗೆಯ ಸಂಕ್ರಾಂತಿಯ ಎಳ್ಳು-ಬೆಲ್ಲವಲ್ಲದೆ ಮತ್ತೇನು ಎಂದು ನನ್ನ ಭಾವನೆಯಾಗಿತ್ತು. ಆ ಭಾವನೆಯನ್ನು ಅಲುಗಿಸಿದವರು ಯಾವ ರಾಜಕಾರಣಿಯೂ ಅಲ್ಲ, ಪಂಡಿತರೂ ಅಲ್ಲ. ಮಸ್ಕಿಯಲ್ಲಿ ನನಗೆ ಪರಿಚಯವಾದ ಒಬ್ಬ ನಿವೃತ್ತ ಹವಾಲ್ದಾರರು. ಅವರ ಮಾತನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ರಾಯಚೂರು ಸೀಮೆಯ ಎರಡು ಹಳೆಯ ಸಂಗತಿಗಳನ್ನು ನೆನೆಯಬೇಕಾಗಿದೆ. ಏಕೆಂದರೆ, ಕಾದಿ ಬಂದವನು ಆಯುಧದ ವಿಷಯದಲ್ಲಿ ಏನು ಹೇಳಬೇಕು, ಹಗೆಯೊಡನೆ ಕರಾರು ಮಾಡಿಕೊಳ್ಳುವುದಕ್ಕೆ ಏನು ಅರ್ಥ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಕ್ಕುತ್ತದೆ. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಹಸಿರು ಬತ್ತದ ಗದ್ದೆ. ಮಸ್ಕಿಗೆ ಬರುವ ಹೊತ್ತಿಗೆ ಗುಂಡುಗಲ್ಲಿನ ಗುಡ್ಡ. ಆ ಗುಡ್ಡದ ಒಂದು ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಿದ ಕೆಲವು ಸಾಲುಗಳಿವೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಅವು ಬಿದ್ದವು. ಎಚ್. ಕೃಷ್ಣಶಾಸ್ತ್ರಿಗಳು ಅವುಗಳನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಶಾಸನಗಳಲ್ಲಿ ಬರುತ್ತಿದ್ದ 'ದೇವಾನಾಂಪ್ರಿಯ' ಯಾರು ಎಂಬುದನ್ನು ವಿದ್ವಾಂಸರು ಬೌದ್ಧ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯ ಬಂಡೆ ಆ ಬಿರುದಿನ ಜೊತೆಗೇ 'ಅಶೋಕ' ಎಂಬ ಹೆಸರನ್ನೂ ನುಡಿಯಿತು. ಆಮೇಲೆ ನಿಟ್ಟೂರು ಮೊದಲಾದೆಡೆಗಳಲ್ಲಿಯೂ ಆ ಹೆಸರು ದೊರೆತರೂ ಮೊದಲು ಹೇಳಿದ ಕೀರ್ತಿ ಮಸ್ಕಿಯದೇ.

ಅಶೋಕನೆಂದರೆ ಕಳಿಂಗದ ಯುದ್ಧದ ಅನಂತರ ಖಡ್ಗವನ್ನು ಕೆಳಗಿಟ್ಟವನು ಎಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಓದಿದ್ದೇವೆ. ಆದರೆ ಶಾಸನಗಳನ್ನು ಓದಿದರೆ ತಿಳಿಯುವ ವಿಷಯ ಅಷ್ಟು ಸರಳವಲ್ಲ. ಕಳಿಂಗದ ಪಶ್ಚಾತ್ತಾಪ ಇರುವುದು ಅವನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು, ಅದರ ಎಷ್ಟೋ ಪಟ್ಟು ಜನ ಬೇರೆ ಬಗೆಯಿಂದ ಸತ್ತರು ಎಂದು ಗೆದ್ದ ಅರಸನೇ ಅಲ್ಲಿ ಲೆಕ್ಕ ಕೊಡುತ್ತಾನೆ. ಸೋಲಿನ ನಡುವೆ ವೈರಾಗ್ಯ ಹುಟ್ಟುವುದು ಸಹಜ. ಗೆಲುವಿನ ಮೇಲೆ ನಿಂತು ಹೀಗೆ ಲೆಕ್ಕ ಒಪ್ಪಿಸಿದ ಅರಸರು ವಿರಳ. ಆದರೆ ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಕಾಡಿನ ಜನರನ್ನು ಕುರಿತು, ಪಶ್ಚಾತ್ತಾಪಪಟ್ಟರೂ ಅರಸನಿಗೆ ಶಿಕ್ಷಿಸುವ ಶಕ್ತಿಯಿದೆ, ತಪ್ಪು ಮಾಡದೆ ಬದುಕಿಕೊಳ್ಳಿರಿ ಎಂಬ ಎಚ್ಚರಿಕೆಯ ಮಾತು. ಸೈನ್ಯವನ್ನು ಅವನು ವಿಸರ್ಜಿಸಿದನೆಂಬುದಕ್ಕೆ ಯಾವ ಶಾಸನದಲ್ಲಿಯೂ ಆಧಾರವಿಲ್ಲ. ಮರಣದಂಡನೆಯನ್ನೂ ತೆಗೆದುಹಾಕಲಿಲ್ಲ, ಗುರಿಯಾದವರಿಗೆ ಮೂರು ದಿನದ ಗಡುವನ್ನು ಮಾತ್ರ ಕೊಟ್ಟನು. ಮತ್ತೂ ಒಂದು ಸಂಗತಿ: ಕಳಿಂಗದ ನೆಲದಲ್ಲಿಯೇ ಇರುವ ಧೌಲಿ, ಜೌಗಡದ ಬಂಡೆಗಳ ಮೇಲೆ ಈ ಹದಿಮೂರನೆಯ ಶಾಸನವನ್ನು ಕೆತ್ತಿಸಲಿಲ್ಲ. ನೊಂದವರ ಮನೆಯ ಬಾಗಿಲಲ್ಲಿ ಅವರ ನೋವಿನ ಲೆಕ್ಕವನ್ನು ಬರೆಯಿಸುವುದು ಉಚಿತವಲ್ಲವೆಂದು ತೋರಿತೋ, ರಾಜಕಾರಣದ ಎಚ್ಚರವೋ, ಅವನೇ ಬಲ್ಲ.

ಇದನ್ನು ಕಪಟವೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಯುದ್ಧದ ಬೆಲೆಯನ್ನು ಕಣ್ಣಾರೆ ಕಂಡವನು, ಅದನ್ನು ಮತ್ತೆ ತೆರಲು ಒಲ್ಲದವನು, ಆದರೆ ಕತ್ತಿಯನ್ನು ಹೊಳೆಗೆ ಎಸೆಯಲೂ ಒಪ್ಪದವನು: ನಮ್ಮ ಕಾಲದ ನಿವೃತ್ತ ಸೇನಾನಿಗಳ ಮಾತನ್ನು ಓದುವಾಗ ನನಗೆ ಮೇಲಿಂದ ಮೇಲೆ ಎದುರಾಗುವ ಮುಖ ಇದೇ.

ಎರಡನೆಯ ಸಂಗತಿಗೆ ಲಿಂಗಸುಗೂರನ್ನು ದಾಟಿ ಮುದಗಲ್ಲಿಗೆ ಹೋಗಬೇಕು. ಲಿಂಗಸುಗೂರು ಒಂದು ಕಾಲದಲ್ಲಿ ಹೈದರಾಬಾದು ಕಂಟಿಂಜೆಂಟ್ ಸೈನ್ಯದ ದಂಡಿನ ಠಾಣೆಯಾಗಿದ್ದ ಊರು. 1858ರಲ್ಲಿ ಸುರಪುರದ ಮೇಲೆ ನಡೆದ ದಂಡು ಹೊರಟದ್ದು ಇಲ್ಲಿಂದಲೇ. ಅದರ ತಾಲ್ಲೂಕಿಗೆ ಸೇರಿದ ಮುದಗಲ್ಲಿನ ಕೋಟೆಯಾದರೋ ಕೃಷ್ಣೆ ತುಂಗಭದ್ರೆಗಳ ನಡುವಣ ದೋ-ಆಬಿಗಾಗಿ ಬಹಮನಿ ಮತ್ತು ವಿಜಯನಗರದವರು ಇನ್ನೂರು ವರ್ಷ ಹೊಡೆದಾಡಿದ್ದಕ್ಕೆ ಸಾಕ್ಷಿ. 1366ರ ಸುಮಾರಿನಲ್ಲಿ ಅಲ್ಲಿ ನಡೆದುದನ್ನು, ಸುಮಾರು ಎರಡೂವರೆ ಶತಮಾನಗಳ ಮೇಲೆ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫೆರಿಶ್ತಾ ದಾಖಲಿಸಿದ್ದಾನೆ. ಅವನ ಅಂಕಿಗಳು ಉತ್ಪ್ರೇಕ್ಷೆಯವೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಕಥೆಯ ಎಲುಬು ಗಮನಿಸತಕ್ಕದ್ದು.

ಸುಲ್ತಾನ ಮಹಮ್ಮದ್ ಷಾ ಒಂದು ದಿನ ಗಾಯನಕ್ಕೆ ಮೆಚ್ಚಿ, ಸಂಗೀತಗಾರರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಪಡೆಯತಕ್ಕದ್ದೆಂದು ಹುಂಡಿ ಬರೆದುಕೊಟ್ಟನು. ವಿಜಯನಗರದ ಅರಸ, ಅಂದರೆ ಬುಕ್ಕರಾಯ, ಈ ಅವಮಾನವನ್ನು ಸಹಿಸದೆ ಹುಂಡಿ ತಂದವನನ್ನು ಕತ್ತೆಯ ಮೇಲೆ ಮೆರೆಸಿ ಅಟ್ಟಿ, ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದನು. ಕೋಟೆಯೊಳಗಿನವರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಲಾಯಿತು. ಬದುಕಿ ಉಳಿದವನು ಒಬ್ಬನೇ ಒಬ್ಬ. ಅವನು ಓಡಿಹೋಗಿ ಸುಲ್ತಾನನಿಗೆ ಸುದ್ದಿ ಮುಟ್ಟಿಸಿದನು. ಸುಲ್ತಾನ ಮಾಡಿದ ಮೊದಲ ಕೆಲಸವೆಂದರೆ ಆ ಒಬ್ಬನನ್ನೂ ಕೊಲ್ಲಿಸಿದ್ದು. ಅಷ್ಟು ಜನ ಸಂಗಡಿಗರ ಸಾವನ್ನು ಕಂಡೂ ಬದುಕಿದವನ ಮುಖವನ್ನು ನಾನು ನೋಡಲಾರೆ ಎಂದನಂತೆ. ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿಯನ್ನು ಒರೆಗೆ ಸೇರಿಸುವುದಿಲ್ಲವೆಂದು ಆಣೆಯಿಟ್ಟು ಹೊರಟನು; ಆ ಆಣೆ ಊರೂರುಗಳ ಮೇಲೆ ತೀರುತ್ತ ಹೋಯಿತು.

ಕೊನೆಗೆ ರಾಯಭಾರಿಗಳು ಬಂದರು. ಅವರು ದಯಾಭಿಕ್ಷೆ ಬೇಡಲಿಲ್ಲ, ಧರ್ಮಬೋಧೆ ಮಾಡಲಿಲ್ಲ. ಫೆರಿಶ್ತಾ ಹೇಳುವಂತೆ, ಅವರು ಮುಂದಿಟ್ಟ ವಾದ ನೆರೆಹೊರೆಯ ವಾದ: ನಮ್ಮ ಎರಡು ರಾಜ್ಯಗಳೂ ಇನ್ನೂ ಬಹುಕಾಲ ಅಕ್ಕಪಕ್ಕದಲ್ಲಿಯೇ ಇರತಕ್ಕವು, ಯುದ್ಧಗಳೂ ಆಗುತ್ತಲೇ ಇರುತ್ತವೆ, ಆದ್ದರಿಂದ ಗೆದ್ದ ಮೇಲೆ ನಿರಾಯುಧರನ್ನು ಕೊಲ್ಲುವುದಿಲ್ಲವೆಂದು ಇಬ್ಬರೂ ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಸುಲ್ತಾನ ಒಪ್ಪಿದನು, ಯುದ್ಧ ಮುಗಿದ ಮೇಲೆ ಶತ್ರುಗಳಲ್ಲಿ ಒಬ್ಬನನ್ನೂ ಕೊಲ್ಲುವುದಿಲ್ಲವೆಂದೂ, ತನ್ನ ಉತ್ತರಾಧಿಕಾರಿಗಳೂ ಹಾಗೆಯೇ ನಡೆಯುವಂತೆ ಕಟ್ಟು ಮಾಡುವೆನೆಂದೂ ಆಣೆಯಿಟ್ಟನು. ಸಂಗೀತಗಾರರ ಹುಂಡಿಯ ಹಣವೂ ಸಂದಾಯವಾಯಿತು.

ಈ ಕರಾರು ಯುದ್ಧವನ್ನು ನಿಲ್ಲಿಸಲಿಲ್ಲ. ಮುದಗಲ್ಲು, ರಾಯಚೂರು ಮತ್ತೆ ಮತ್ತೆ ಕೈ ಬದಲಾದವು. ಆಣೆ ಮುರಿಯದೆಯೂ ಉಳಿಯಲಿಲ್ಲ: ಸುಮಾರು 1423ರಲ್ಲಿ ಅಹಮದ್ ಷಾ ಬಹಮನಿ ವಿಜಯನಗರದ ನಾಡಿನಲ್ಲಿ ಗಂಡು ಹೆಣ್ಣು ಮಕ್ಕಳೆನ್ನದೆ ಸಂಹಾರ ಮಾಡಿಸಿದನು. ಆದರೆ ಆ ಸಂದರ್ಭದಲ್ಲಿ ಫೆರಿಶ್ತಾ ಬರೆಯುವುದೇನು? ಇದು ಮಹಮ್ಮದ್ ಷಾ ಮಾಡಿಕೊಂಡ ಕರಾರಿಗೆ ವಿರುದ್ಧವಾಗಿತ್ತು ಎಂದು. ಬರೆಯುವವನು ಸುಲ್ತಾನರ ಆಶ್ರಯದಲ್ಲಿದ್ದವನು, ಬರೆಯುತ್ತಿರುವುದು ತನ್ನದೇ ಮತದ ಅರಸನ ವಿಜಯವನ್ನು. ಆದರೂ ಲೇಖನಿ ಆ ಒಂದು ಮಾತನ್ನು ಬಿಡಲಿಲ್ಲ. ಕರಾರೊಂದು ಇಲ್ಲದಿದ್ದಿದ್ದರೆ ಅದು ಬರೀ ಪರಾಕ್ರಮವೆನಿಸುತ್ತಿತ್ತು. ಕರಾರು ಇದ್ದುದರಿಂದ ಅದು ಅಪರಾಧವಾಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ಕರಾರನ್ನು ಕಾಯುವ ಕೆಲಸವನ್ನೇ ಮಾಡಿದ ಸೇನಾನಿಯೊಬ್ಬರು ನಮ್ಮ ಮಡಿಕೇರಿಯವರು, ಜನರಲ್ ಕೆ. ಎಸ್. ತಿಮ್ಮಯ್ಯ. ಕೊರಿಯಾದಲ್ಲಿ 1953ರಲ್ಲಿ ಕದನವಿರಾಮವಾದಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲದ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೆರೆಯಾಳುಗಳ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಅದರ ಅಧ್ಯಕ್ಷತೆ ತಿಮ್ಮಯ್ಯನವರದು. ಅಮೆರಿಕ ಅಣುಬಾಂಬಿನ ಬೆದರಿಕೆಯನ್ನು ಸೂಚಿಸುತ್ತಿದ್ದ ಯುದ್ಧದ ಬೆನ್ನಿಗೇ, ಎರಡೂ ಪಕ್ಷಗಳು ಸಂಶಯದಿಂದ ನೋಡುತ್ತಿದ್ದ ಕಾಗದವೊಂದನ್ನು ಕೈಯಲ್ಲಿ ಹಿಡಿದು, ಭಾರತೀಯ ಸೈನಿಕರು ಆ ಶಿಬಿರಗಳನ್ನು ಕಾದರು. ನಿವೃತ್ತರಾದ ಮೇಲೆ 1962ರಲ್ಲಿ ಅವರು ಬರೆದ ಲೇಖನವೊಂದರಲ್ಲಿ, ಭಾರತವು ತಾನೊಂದೇ ಚೀಣಾದೊಡನೆ ಬಹಿರಂಗ ಯುದ್ಧಕ್ಕೆ ಇಳಿಯುವುದನ್ನು ಸೈನಿಕನಾಗಿ ನಾನು ಊಹಿಸಲಾರೆ, ನಮ್ಮ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ನೋಡಿಕೊಳ್ಳಬೇಕು ಎಂದರು. ಕೆಲವೇ ತಿಂಗಳಲ್ಲಿ ಯುದ್ಧವೇ ಬಂತು. 1964ರಲ್ಲಿ ಚೀಣಾ ಅಣುಬಾಂಬನ್ನು ಸಿಡಿಸಿತು. 1974ರಲ್ಲಿ, ನಮ್ಮವರೇ ಆದ ರಾಜಾ ರಾಮಣ್ಣನವರ ನೇತೃತ್ವದಲ್ಲಿ, ಪೋಖರಣದ ನೆಲ ನಡುಗಿತು.

ಅಲ್ಲಿಂದ ಮುಂದೆ ನಿವೃತ್ತ ಸೇನಾನಿಗಳು ಅಣ್ವಸ್ತ್ರದ ವಿಷಯದಲ್ಲಿ ಬಗೆಬಗೆಯಾಗಿ ಮಾತನಾಡಿದ್ದಾರೆ. ಭಾರತದ ಕೊನೆಯ ವೈಸ್‌ರಾಯ್ ಆಗಿದ್ದ ಮೌಂಟ್‌ಬ್ಯಾಟನ್ನರು 1979ರ ಮೇ ತಿಂಗಳಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ, ತಮ್ಮ ಅರ್ಧ ಶತಮಾನದ ಸೈನಿಕ ಸೇವೆಯನ್ನೇ ಸಾಕ್ಷಿಯಾಗಿಟ್ಟು, ಅಣ್ವಸ್ತ್ರ ಪೈಪೋಟಿಗೆ ಸೈನಿಕ ಉದ್ದೇಶವೇ ಇಲ್ಲವೆಂದು ಸಾರಿದರು. ಅಮೆರಿಕದ ಅಣ್ವಸ್ತ್ರ ಪಡೆಗಳ ಅಧಿಪತಿಯಾಗಿದ್ದ ಜನರಲ್ ಲೀ ಬಟ್ಲರ್ ಮೊದಲಾಗಿ ಹದಿನೇಳು ದೇಶಗಳ ಸುಮಾರು ಅರವತ್ತು ಮಂದಿ ಜನರಲ್‌ಗಳೂ ಅಡ್ಮಿರಲ್‌ಗಳೂ 1996ರ ಡಿಸೆಂಬರಿನಲ್ಲಿ ಈ ಆಯುಧಗಳನ್ನು ಹಂತಹಂತವಾಗಿ ಇಲ್ಲವಾಗಿಸಬೇಕೆಂದು ಹೇಳಿಕೆ ಕೊಟ್ಟರು. ನಮ್ಮಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ರಾಮದಾಸರು 1998ರ ಪರೀಕ್ಷೆಗಳನ್ನು ವಿರೋಧಿಸಿದರು, ಪಾಕಿಸ್ತಾನದ ಜನರೊಡನೆ ಸಂವಾದಕ್ಕಾಗಿ ತಮ್ಮ ನಿವೃತ್ತಿಜೀವನವನ್ನು ಸವೆಸಿದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಸುಂದರ್‌ಜಿಯವರ ನಿಲುವು ಬೇರೆ. ನೆರೆಯವರಲ್ಲಿ ಅಸ್ತ್ರವಿರುವಾಗ ನಮಗೂ ಬೇಕು, ಆದರೆ ಕೆಲವೇ ಸಾಕು, ಸಾಕಾದುದಕ್ಕಿಂತ ಹೆಚ್ಚಾದುದು ಹೆಚ್ಚಿನ ರಕ್ಷಣೆಯಲ್ಲ ಎಂಬುದು ಅವರ ವಾದ. ಅದನ್ನು ಜನಕ್ಕೆ ಮುಟ್ಟಿಸಲು 1993ರಲ್ಲಿ ಒಂದು ಕಾದಂಬರಿಯನ್ನೇ ಬರೆದರು.

ಹಿರಿಯ ಸೈನಿಕರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಪರೀಕ್ಷೆಗೆ ಒಡ್ಡಿದ ಪ್ರಸಂಗವೊಂದು 2015ರಲ್ಲಿ ನಡೆಯಿತು. ಇರಾನಿನ ಪರಮಾಣು ಕಾರ್ಯಕ್ರಮಕ್ಕೆ ಮಿತಿ ಹಾಕುವ ಒಪ್ಪಂದವು ಆ ವರ್ಷ ಜುಲೈಯಲ್ಲಿ ಆಯಿತು. ಆಗಸ್ಟಿನಲ್ಲಿ ಅಮೆರಿಕದ ಮೂವತ್ತಾರು ನಿವೃತ್ತ ಜನರಲ್-ಅಡ್ಮಿರಲ್‌ಗಳು ಅದನ್ನು ಬೆಂಬಲಿಸಿ ಬಹಿರಂಗ ಪತ್ರ ಬರೆದರು. ಅದೇ ತಿಂಗಳು ಸುಮಾರು ಇನ್ನೂರು ಮಂದಿ ನಿವೃತ್ತರು ಅದನ್ನು ತಿರಸ್ಕರಿಸಬೇಕೆಂದು ಇನ್ನೊಂದು ಪತ್ರ ಬರೆದರು. ಮೂವತ್ತಾರಕ್ಕಿಂತ ಇನ್ನೂರು ದೊಡ್ಡದು. ಆದರೆ ಸತ್ಯವು ತಲೆಯೆಣಿಕೆಯಿಂದ ತೀರ್ಮಾನವಾಗುವ ಪದಾರ್ಥವೇ? 2018ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂದಿತು. ಈ ಪ್ರಸಂಗದಿಂದ ನಾನು ಕಲಿತದ್ದು ಇಷ್ಟು: ಪದಕಗಳು ಒಂದು ಪಕ್ಷಕ್ಕೆ ಸೇರಿದವಲ್ಲ. ಸೈನಿಕರೆಲ್ಲ ಹೀಗೆ ಹೇಳುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಅವರು ಏನನ್ನು ಕಂಡು ಹಾಗೆ ಹೇಳುತ್ತಿದ್ದಾರೆ ಎಂಬುದನ್ನು ಕೇಳಬೇಕು.

ಇನ್ನು ನಮ್ಮ ಸೀಮೆಯ ಇಬ್ಬರ ಮಾತು. ಸಿಂಧನೂರಿನಲ್ಲಿ ನನಗೆ ಬಲ್ಲವರಾದ ಹಿರಿಯರೊಬ್ಬರಿದ್ದಾರೆ, 1971ರ ಯುದ್ಧದಲ್ಲಿ ಪೂರ್ವದ ರಂಗದಲ್ಲಿದ್ದವರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳ ಕ್ಯಾಂಪುಗಳು ಸಿಂಧನೂರಿನ ಆಸುಪಾಸಿನಲ್ಲಿ ಇರುವುದನ್ನು ತಾವು ಬಲ್ಲಿರಿ. ಆ ಜನರನ್ನು ಸಂತೆಯಲ್ಲಿ ಕಂಡಾಗಲೆಲ್ಲ ತಮಗೆ ಯುದ್ಧದ ನೆನಪಾಗುತ್ತದೆಂದು ಅವರು ಹೇಳುತ್ತಿದ್ದರು. ಜನವರಿಯ ಪಟ್ಟಿಯ ವಿಷಯವನ್ನು ಎತ್ತಿದಾಗ ಅವರು ತಲೆಯಲ್ಲಾಡಿಸಿದರು. "ಪಟ್ಟಿಯಲ್ಲಿ ಬರೆದದ್ದು ನಮಗೆ ಮೊದಲೇ ಗೊತ್ತಿರುತ್ತದೆ. ಬರೆಯದೆ ಬಿಟ್ಟದ್ದು ಎಷ್ಟು ಎಂದು ಯಾರು ಹೋಗಿ ನೋಡಿಬಂದರು?" ಎಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಒಪ್ಪಂದದಲ್ಲಿ ತಪಾಸಣೆಯ ಏರ್ಪಾಡಿಲ್ಲ ಎಂಬುದು ನಿಜ. ಕೊಟ್ಟ ಪಟ್ಟಿಯನ್ನು ನಂಬುವುದೊಂದೇ ಉಳಿದ ದಾರಿ.

ಇದೇ ಮಾತನ್ನು ನಾನು ಮಸ್ಕಿಯ ಹವಾಲ್ದಾರರಿಗೆ ಹೇಳಿದೆ. ನಾವಿಬ್ಬರೂ ಶಾಸನದ ಬಂಡೆಯಿಂದ ಇಳಿದುಬಂದು ಚಹಾ ಕುಡಿಯುತ್ತಿದ್ದೆವು. ಅವರು 2001ರ ಡಿಸೆಂಬರಿನಲ್ಲಿ, ಪಾರ್ಲಿಮೆಂಟಿನ ಮೇಲೆ ದಾಳಿಯಾದ ಅನಂತರ, ಪಶ್ಚಿಮದ ಗಡಿಗೆ ಹೋದ ಪಡೆಯಲ್ಲಿದ್ದವರು. ಆಗ ಗಡಿಯುದ್ದಕ್ಕೂ ಲಕ್ಷಗಟ್ಟಲೆ ನೆಲಬಾಂಬುಗಳನ್ನು ಹೂಳಲಾಯಿತು, ಯುದ್ಧವಾಗಲಿಲ್ಲ, ಹೂಳಿದವುಗಳನ್ನು ಮತ್ತೆ ತೆಗೆಯಬೇಕಾಯಿತು. ತೆಗೆಯುವಾಗ ಕೈಕಾಲು ಕಳೆದುಕೊಂಡವರು, ಜೀವ ಕಳೆದುಕೊಂಡವರು ಉಂಟು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಬಾಂಬು ಹೂಳುವಾಗ ಒಂದು ನಕಾಶೆ ಬರೆಯುತ್ತೇವೆ, ಸರ್. ಈ ಗೂಟದಿಂದ ಇಷ್ಟು ಹೆಜ್ಜೆ, ಈ ದಿಕ್ಕಿಗೆ ಇಷ್ಟು ಸಾಲು. ಹೂಳುವ ದಿವಸ ಆ ನಕಾಶೆ ಒಂದು ತಲೆನೋವು. ಮರಳು ಸರಿದು ಗೂಟ ಅತ್ತಿತ್ತ ಆಗಿ ನಕಾಶೆ ಪೂರ್ತಿ ಸರಿಯಾಗಿ ಉಳಿಯುವುದೂ ಇಲ್ಲ. ನನ್ನ ಜೊತೆಯವನ ಕಾಲು ಹೋದದ್ದು ಅಂಥ ಕಡೆಯೇ. ಆದರೆ ಅವತ್ತಿನಿಂದ ನಾವು ನಕಾಶೆ ಬೇಡ ಅನ್ನಲಿಲ್ಲ. ಇನ್ನೂ ಸರಿಯಾಗಿ ಬರೆಯಿರಿ ಅಂದೆವು. ನಿಮ್ಮ ಜನವರಿ ಪಟ್ಟಿಯೂ ಅಂಥದೇ ನಕಾಶೆ."

ನಾನು ನಿರುತ್ತರನಾದೆ. ಊರಿಗೆ ಹಿಂದಿರುಗಿ ತಾರೀಖುಗಳನ್ನು ನೋಡಿದೆ. ಈ ಹವಾಲ್ದಾರರು ಗಡಿಯಲ್ಲಿದ್ದು, ಎರಡೂ ದೇಶಗಳ ಸೈನ್ಯ ಎದುರುಬದುರಾಗಿ ನಿಂತಿದ್ದ 2002ರ ಜನವರಿ ಒಂದರಂದು ಕೂಡ ಪಟ್ಟಿಗಳ ವಿನಿಮಯ ತಪ್ಪಿರಲಿಲ್ಲ. ಕಾರ್ಗಿಲ್ ಯುದ್ಧದ ಮರುವರ್ಷವೂ ತಪ್ಪಿರಲಿಲ್ಲ. ಸಿಂಧನೂರಿನ ಹಿರಿಯರು ಕೇಳಿದ್ದು ಹಗೆ ಪ್ರಾಮಾಣಿಕನೇ ಎಂಬ ಪ್ರಶ್ನೆ. ಮಸ್ಕಿಯವರು ಕೇಳಿದ್ದು ಬೇರೆ: ಯಾರಾದರೂ ತಪ್ಪು ಹೆಜ್ಜೆಯಿಟ್ಟ ದಿನ ಕೈಯಲ್ಲಿ ಏನಿರುತ್ತದೆ?

ತಪ್ಪು ಹೆಜ್ಜೆ ಎಂಬುದು ಕೇವಲ ಊಹೆಯ ಮಾತಲ್ಲ. ಕ್ಷಿಪಣಿ ಪರೀಕ್ಷೆಗೆ ಮೊದಲು ಪರಸ್ಪರ ತಿಳಿಸಬೇಕೆಂದು 2005ರಲ್ಲಿ ಎರಡು ದೇಶಗಳೂ ಇನ್ನೊಂದು ಒಪ್ಪಂದ ಮಾಡಿಕೊಂಡವು. ಆದರೆ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ ಅನ್ವಯಿಸುತ್ತದೆ. ಕ್ರೂಯಿಸ್ ಕ್ಷಿಪಣಿಗಳು ಅದರ ಹೊರಗುಳಿದಿವೆ. 2022ರ ಮಾರ್ಚ್ 9ರಂದು ಭಾರತದ ಅಂಥ ಒಂದು ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ನೆಲದಲ್ಲಿ ಬಿದ್ದಿತು. ಯಾರೂ ಸಾಯಲಿಲ್ಲ, ಅದು ಅಕಸ್ಮಾತ್ತೆಂದು ಭಾರತ ಹೇಳಿತು, ವಿಚಾರಣೆ ನಡೆಸಿ ಮೂವರು ಅಧಿಕಾರಿಗಳನ್ನು ವಜಾ ಮಾಡಿತು. ಆ ಸಂಜೆ ಎದುರಿನವರು ಅದನ್ನು ಅಕಸ್ಮಾತ್ತೆಂದು ಬಗೆಯದಿದ್ದರೆ ಏನಾಗುತ್ತಿತ್ತು? ಅಣ್ವಸ್ತ್ರವಿರುವ ಎರಡು ಮನೆಗಳ ನಡುವೆ ತಪ್ಪಿಗೂ ತೀಟೆಗೂ ಇರುವ ವ್ಯತ್ಯಾಸವನ್ನು ಹೇಳುವ ಒಂದು ಕಾಗದ, ಒಂದು ಟೆಲಿಫೋನು ತಂತಿ, ಅಷ್ಟೇ ಇರುವುದು.

ಹಾಗೆಂದು ಸಿಂಧನೂರಿನ ಹಿರಿಯರ ಸಂಶಯವನ್ನು ನಾನು ತಳ್ಳಿಹಾಕುತ್ತಿಲ್ಲ. ಅವರಂಥವರು ಕೇಳುತ್ತಲೇ ಇದ್ದರೆ ತಾನೆ ನಕಾಶೆ ಇನ್ನೂ ಸರಿಯಾಗುವುದು! ಮುದಗಲ್ಲಿನಲ್ಲಿ ಬದುಕಿಬಂದ ಆ ಹೆಸರಿಲ್ಲದ ಸೈನಿಕನನ್ನು ಈ ಹೊತ್ತಿನಲ್ಲಿ ನೆನೆಯುತ್ತೇನೆ. ಕಂಡದ್ದನ್ನು ಹೇಳಲು ಬಂದ ಅವನನ್ನು ಸುಲ್ತಾನ ಕೊಲ್ಲಿಸಿದನು. ಅನಂತರ ಮಾತನಾಡಿದ್ದು ಕೋಪವೊಂದೇ. ಅವನನ್ನು ಕುಳ್ಳಿರಿಸಿ ಕೇಳಿದ್ದರೆ ರಾಯಭಾರಿಗಳು ಕೊನೆಯಲ್ಲಿ ತಂದ ಮಾತು ಮೊದಲೇ ಬರುತ್ತಿತ್ತೇನೋ. ಇಂದು ನಾವು ಬದುಕಿಬಂದವರನ್ನು ಕೊಲ್ಲುವುದಿಲ್ಲ. ಅಭಿಮತವುಳ್ಳವರಾದರೆ ನಮ್ಮ ಪಕ್ಷದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ, ಇಲ್ಲವಾದರೆ ಸ್ವಾತಂತ್ರ್ಯೋತ್ಸವದ ದಿನ ಹಾರ ಹಾಕಿ ಮನೆಗೆ ಕಳಿಸುತ್ತೇವೆ. ಕಂಡದ್ದೇನೆಂದು ಕೇಳುವುದನ್ನು ಮಾತ್ರ ಮರೆಯುತ್ತೇವೆ.

ಮಸ್ಕಿಯ ಬಂಡೆಯ ಮೇಲೆ ಕಳಿಂಗದ ಮಾತಿಲ್ಲ ಎಂದು ಆಗಲೇ ಸೂಚಿಸಿದೆ. ಅಲ್ಲಿ ಇರುವುದು ಇನ್ನೂ ಸಣ್ಣ ಮಾತು: ಈ ಸಾಧನೆ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿರಿ, ಸಣ್ಣವನೂ ಶ್ರದ್ಧೆಯಿದ್ದರೆ ಪಡೆಯಬಲ್ಲನು ಎಂಬ ಅರ್ಥದ್ದು. ಅರಸ ಹೇಳಿದ್ದು ಧರ್ಮಸಾಧನೆಯನ್ನು ಕುರಿತು. ಹವಾಲ್ದಾರರ ನಕಾಶೆಯ ಮಾತನ್ನು ಕೇಳಿದ ಮೇಲೆ ಅದನ್ನು ಸಂಧಿಕಾರ್ಯಕ್ಕೂ ಅನ್ವಯಿಸಿಕೊಳ್ಳಬಹುದೆಂದು ನನಗೆ ತೋರುತ್ತಿದೆ. ಮುಂದಿನ ಜನವರಿ ಎರಡರಂದು ಆ ನಾಲ್ಕೈದು ಸಾಲಿನ ಸುದ್ದಿಯನ್ನು ನಾನು ಮೊದಲು ಹುಡುಕಿ ಓದುತ್ತೇನೆ. ಬಂದಿಲ್ಲವಾದರೆ ಏಕೆ ಬಂದಿಲ್ಲವೆಂದು ಕೇಳುತ್ತೇನೆ. ತಾವೂ ಹಾಗೆ ಮಾಡಬಹುದೆಂದು ವಿಜ್ಞಾಪಿಸಿಕೊಂಡು ವಿರಮಿಸುತ್ತೇನೆ.